ಹೆರಿಗೆಮನೆಯ ಬಾಗಿಲು

ಹಳ್ಳಿಮೈಸೂರು
20ನೇ ಫೆಬ್ರವರಿ 1941

ಚಿರಂಜೀವಿ ತಂಗಿ ದಾಕ್ಷಾಯಣಿಗೆ ನಿನ್ನ ಅಣ್ಣನ ಆಶೀರ್ವಾದ. ನಾವೆಲ್ಲ ಕ್ಷೇಮ. ನೀನೂ ಚೆನ್ನಾಗಿದ್ದೀಯೆಂದು ಹಾಸನಕ್ಕೆ ಕಾಯಿ ಸಾಗಿಸುವ ಗಾಡಿಯವರ ಬಾಯಿಂದ ಆಗಾಗ ಕೇಳುತ್ತಿರುತ್ತೇನೆ.

ನೀನು ಮಿಡ್‌ವೈಫ್ ತರಬೇತಿಗೆಂದು ಮನೆ ಬಿಟ್ಟು ಹೋದಮೇಲೆ ನಾನು ಕಾಗದ ಬರೆದದ್ದಿಲ್ಲ. ಆಗ ಆಡಿದ ಮಾತುಗಳು ಆಗಲೇ ಮುಗಿದವು. ಈಗ ಊರಿನ ಕೆಲಸವೊಂದು ಬಂದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಹೋದ ವಾರ ಅಮಲ್ದಾರರು ಹೋಬಳಿಯ ಹಿರಿಯರನ್ನೆಲ್ಲ ಸೇರಿಸಿದ್ದರು. ಹಳ್ಳಿಗಳಲ್ಲಿ ಬಾಣಂತಿಯರು ಸಾಯುವುದನ್ನು ತಪ್ಪಿಸಬೇಕೆಂದು ಸರ್ಕಾರ ಮನಸ್ಸು ಮಾಡಿದೆಯಂತೆ. ಊರಿನವರು ಕಟ್ಟಡ ಕಟ್ಟಿಸಿ ಒಪ್ಪಿಸಿದರೆ ಮಂಚ, ಔಷಧಿ, ಒಬ್ಬ ಮಿಡ್‌ವೈಫು, ಎಲ್ಲವನ್ನೂ ಸರ್ಕಾರ ಕೊಡುತ್ತದೆ. ಹೊಳೆನರಸೀಪುರದ ಡಾಕ್ಟರು ವಾರಕ್ಕೊಮ್ಮೆ ಬಂದು ನೋಡುತ್ತಾರೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಾನು ಎದ್ದು, ನಮ್ಮ ಅಂಗಡಿಯ ಪಕ್ಕದ ಜಾಗವನ್ನೂ ಕಲ್ಲು, ಮರ, ಕೂಲಿಯನ್ನೂ ನಾನೇ ಕೊಡುತ್ತೇನೆ ಎಂದುಬಿಟ್ಟೆ. ಯಾಕೆ ಹಾಗೆಂದೆ ಎಂದು ನಿನಗೆ ಹೇಳಬೇಕಾಗಿಲ್ಲ. ನಮ್ಮ ಎರಡು ಕೂಸುಗಳನ್ನೂ ನೀನೇ ಎತ್ತಿಕೊಂಡು ಹೋಗಿ ಮಣ್ಣಿಗೆ ಕೊಟ್ಟವಳು.

ಆ ಮಿಡ್‌ವೈಫಿನ ಜಾಗಕ್ಕೆ ಗುರುತು ಪರಿಚಯವಿಲ್ಲದವರು ಬರುವ ಬದಲು ಇಲ್ಲಿಯವರೇ ಬಂದರೆ ಒಳ್ಳೆಯದೆಂದು ಊರಿನವರು ಹೇಳುತ್ತಿದ್ದಾರೆ. ನಿನ್ನ ಅತ್ತಿಗೆ ಕಮಲಾಕ್ಷಿಯೂ ಅದನ್ನೇ ಹೇಳುತ್ತಾಳೆ. ಯೋಚನೆ ಮಾಡಿ ತಿಳಿಸು.

ಇಂತು,
ಚನ್ನಬಸವಯ್ಯ


ಹಾಸನ
2ನೇ ಮಾರ್ಚಿ 1941

ಅಣ್ಣನವರಿಗೆ ದಾಕ್ಷಾಯಣಿಯ ಶರಣು.

ಊರಿನವರು ಹೇಳುತ್ತಾರೆ, ಅತ್ತಿಗೆ ಹೇಳುತ್ತಾಳೆ. ನೀವು ಏನು ಹೇಳುತ್ತೀರಿ ಎಂದು ಕಾಗದವನ್ನು ತಿರುಗಿಸಿ ನೋಡಿದೆ, ಎಲ್ಲೂ ಸಿಗಲಿಲ್ಲ. ಇರಲಿ. ಗಂಡ ಸತ್ತವಳು ಮನೆಯ ಮೂಲೆಯಲ್ಲಿರದೆ ಹೆರಿಗೆ ಮಾಡಿಸಲು ಹೊರಟಳೆಂದು, "ನಮ್ಮನೇಲಿ ಅನ್ನಕ್ಕೆ ಬರ ಬಂದಿತ್ತೇನೇ, ಊರೋರ ಮೈಲಿಗೆ ಬಳಿಯೋಕೆ ಓಯ್ತೀಯಾ" ಎಂದ ಅಣ್ಣನೇ ಈಗ ಊರಿನವರ ಹೆರಿಗೆಗೆ ಮನೆ ಕಟ್ಟಿಸುತ್ತಿದ್ದಾರೆ. ಲಿಂಗ ಕಟ್ಟಿದವರಿಗೆ ಹುಟ್ಟಿನ ಸೂತಕವೂ ಇಲ್ಲ, ಸಾವಿನ ಸೂತಕವೂ ಇಲ್ಲ ಎಂದು ಅಪ್ಪ ಹೇಳುತ್ತಿದ್ದದ್ದು ನಿಮಗೆ ತಡವಾಗಿ ಕೇಳಿಸಿದೆ. ಕೇಳಿಸಿತಲ್ಲ, ನನಗೆ ಅಷ್ಟೇ ಸಾಕು. ನಿಮ್ಮ ಕಾಗದ ಓದಿ ಅತ್ತುಬಿಟ್ಟೆ.

ಬರುತ್ತೇನೆ. ಅರ್ಜಿಯನ್ನೂ ಕೊಟ್ಟಾಯಿತು. ಇಲ್ಲಿಯ ಗುಮಾಸ್ತರು ಹೇಳಿದ್ದನ್ನು ಗಮನದಲ್ಲಿಡಿ. ಮುಂದಿನ ವರ್ಷ ಜೂನ್ ಕೊನೆಯೊಳಗೆ ಕಟ್ಟಡ ಸರ್ಕಾರದ ಕೈಗೆ ಬಂದರೆ ಮಾತ್ರ ಈ ಹುದ್ದೆ ಉಳಿಯುತ್ತದೆ. ಇಲ್ಲದಿದ್ದರೆ ಬೇರೆ ತಾಲ್ಲೂಕಿಗೆ ಹೋಗುತ್ತದೆ. ಒಪ್ಪಿಸಿದ ಮಾರನೆಯ ತಿಂಗಳೇ ನನಗೆ ವರ್ಗವಾಗುತ್ತದೆ. ಗೋಡೆ ಬೇಗ ಏಳಲಿ. ಅತ್ತಿಗೆಗೆ ನನ್ನ ನೆನಪು ಹೇಳಿ.

ನಿಮ್ಮ ತಂಗಿ,
ದಾಕ್ಷಾಯಣಿ


ಹಳ್ಳಿಮೈಸೂರು
9ನೇ ನವೆಂಬರ್ 1941

ಚಿ. ದಾಕ್ಷಾಯಣಿಗೆ ಆಶೀರ್ವಾದಗಳು.

ಗೋಡೆಗಳು ಎದ್ದಿವೆ. ಗುಂಡಯ್ಯನ ಕೈಕೆಲಸ ನಿನಗೆ ಗೊತ್ತಲ್ಲ, ಕಲ್ಲಿಗೆ ಕಲ್ಲು ಕೂರಿಸಿ ಒಂದು ಎಳೆ ಬೆಳಕೂ ತೂರದಂತೆ ಕಟ್ಟಿದ್ದಾನೆ. ಮಂಗಳೂರು ಹೆಂಚು ಬಂದು ಬಿದ್ದಿದೆ. ಹೊನ್ನೆ ಮರದ ಬಾಗಿಲುವಾಡವನ್ನು ಆಚಾರಿ ಕೆತ್ತಿ ಮುಗಿಸಿದ್ದಾನೆ. ದೀಪಾವಳಿ ಕಳೆದಮೇಲೆ ಬಾಗಿಲು ನಿಲ್ಲಿಸುವುದೆಂದು ಗೊತ್ತುಮಾಡಿದ್ದೆವು.

ಆದರೆ ನಿಲ್ಲಿಸಲಿಲ್ಲ. ನಿನ್ನ ಅತ್ತಿಗೆಗೆ ಮೂರು ತಿಂಗಳಾಗಿದೆ. ಇಷ್ಟು ವರ್ಷಗಳಾದ ಮೇಲೆ ಇನ್ನು ಆಗುವುದಿಲ್ಲ ಎಂದುಕೊಂಡಿದ್ದೆವು. ಸಂತೋಷಪಡುವುದಕ್ಕೂ ಹೆದರಿಕೆಯಾಗುತ್ತದೆ. ಹೆಂಡತಿ ಬಸುರಿಯಾಗಿರುವಾಗ ಗಂಡನಾದವನು ಬಾಗಿಲು ನಿಲ್ಲಿಸುವ ಹಾಗಿಲ್ಲವೆಂದು ನಿನಗೂ ಗೊತ್ತು. ವಿಷಯ ಕಿವಿಗೆ ಬಿದ್ದದ್ದೇ ಗುಂಡಯ್ಯ ಕರಣೆ ಕೆಳಗಿಟ್ಟ. "ಅವ್ವಾರು ಎತ್ತು ಎದ್ಮೇಲೆ ಕರೀರಿ ಸಾ, ಬತ್ತೀನಿ" ಎಂದು ಹೊರಟುಹೋದ.

ಬಾಗಿಲಿಲ್ಲದೆ ಸೂರೂ ಇಲ್ಲ, ಸೂರಿಲ್ಲದೆ ಗೋಡೆಗೆ ಸಾರಣೆಯೂ ಇಲ್ಲ. ಮೇ ತಿಂಗಳಲ್ಲಿ ಹೆರಿಗೆಯಾಗುತ್ತದೆ. ಆಮೇಲೂ ಜೂನ್ ಒಂದು ತಿಂಗಳು ಕೈಯಲ್ಲಿರುತ್ತದೆ, ಆಳು ಜಾಸ್ತಿ ಹಾಕಿ ಮುಗಿಸುತ್ತೇನೆ. ಕಟ್ಟಡ ಎಲ್ಲಿಗೂ ಓಡಿಹೋಗುವುದಿಲ್ಲ. ನೀನು ರೇಗಬೇಡ.

ಇಂತು,
ಚನ್ನಬಸವಯ್ಯ


ಹಾಸನ
17ನೇ ನವೆಂಬರ್ 1941

ಅಣ್ಣನವರಿಗೆ ಶರಣು.

ಅತ್ತಿಗೆ ಬಸುರಿ ಎಂದು ಓದಿ ನಮ್ಮ ವಾರ್ಡಿನವರಿಗೆಲ್ಲ ಸಕ್ಕರೆ ಹಂಚಿದೆ. ಮುಂದಿನದನ್ನು ಓದಿ ತಲೆ ಚಚ್ಚಿಕೊಂಡೆ. ರೇಗಬೇಡ ಎಂದು ಬರೆದಿದ್ದೀರಿ. ರೇಗುತ್ತೇನೆ.

ಅದು ನಿಮ್ಮ ಮನೆಯಲ್ಲ ಅಣ್ಣ, ಸರ್ಕಾರದ ಆಸ್ಪತ್ರೆ. ನೀವು ಕೈ ಹಾಕಬೇಡಿ. ಎದುರು ಮನೆಯ ದೊಡ್ಡಯ್ಯನ ಕೈಯಲ್ಲಿ ಪೂಜೆ ಮಾಡಿಸಿ ಬಾಗಿಲು ನಿಲ್ಲಿಸಿ. ಅವನ ಮನೆಯಲ್ಲೂ ಬಸುರಿ ಇದ್ದರೆ ಅವನ ಪಕ್ಕದವನನ್ನು ಕರೆಯಿರಿ. ಹೀಗೆ ನೋಡುತ್ತ ಹೋದರೆ ಯಾವ ಮನೆಯಲ್ಲಿ ಬಸುರಿಯಿಲ್ಲ? ಊರಿನ ಹೆಂಗಸರೆಲ್ಲ ಹೆರುವುದನ್ನು ನಿಲ್ಲಿಸಿದ ಮೇಲೆ ಹೆರಿಗೆಮನೆಗೆ ಬಾಗಿಲು ಇಡುತ್ತೀರೇನು?

ಈಗಲೇ ನಿಲ್ಲಿಸಿದರೆ ಮಾರ್ಚಿಯೊಳಗೆ ಕಟ್ಟಡ ಮುಗಿಯುತ್ತದೆ. ಅತ್ತಿಗೆಗೆ ದಿನ ತುಂಬುವ ಹೊತ್ತಿಗೆ ನಾನು ಔಷಧಿಯ ಪೆಟ್ಟಿಗೆ ಇಟ್ಟುಕೊಂಡು ಪಕ್ಕದಲ್ಲೇ ಇರುತ್ತೇನೆ. ಎರಡನೆಯ ಹೆರಿಗೆಯಲ್ಲಿ ಅವಳಿಗೆ ಎಷ್ಟು ರಕ್ತ ಹೋಯಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಗ ನನಗೆ ಏನೂ ತಿಳಿಯುತ್ತಿರಲಿಲ್ಲ. ಅವಳು ಬದುಕಿದ್ದೇ ಹೆಚ್ಚು ಎಂದು ಈಗ ಗೊತ್ತಾಗಿದೆ. ಈ ಸಲವೂ ಹಾಗಾದರೆ ಸೂಲಗಿತ್ತಿ ಬೆಟ್ಟಮ್ಮನ ಕೈಯಲ್ಲಿ ನಿಲ್ಲುವುದಿಲ್ಲ. ನನಗೆ ಭಯವಾಗುತ್ತಿದೆ. ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ದಾಕ್ಷಾಯಣಿ


ಹಳ್ಳಿಮೈಸೂರು
4ನೇ ಜನವರಿ 1942

ದಾಕ್ಷಾಯಣಿಗೆ ಅತ್ತಿಗೆ ಕಮಲಾಕ್ಷಿಯ ಆಶೀರ್ವಾದ.

ನನ್ನ ಅಕ್ಷರ ನೋಡಿ ನಗಬೇಡ. ಕೂಲಿಮಠದಲ್ಲಿ ಕಲಿತದ್ದು ಇಷ್ಟೇ. ನಾನು ಬರೆಯುತ್ತಿರುವುದು ನಿಮ್ಮ ಅಣ್ಣನಿಗೆ ಗೊತ್ತಿಲ್ಲ.

ನಿನ್ನ ಕಾಗದ ಓದಿ ಅವರು ದೊಡ್ಡಯ್ಯನವರನ್ನು ಕರೆದುಕೊಂಡು ಬಂದೇಬಿಟ್ಟರು. ಗುಂಡಯ್ಯನೂ ಬಂದ. ಬಾಗಿಲುವಾಡಕ್ಕೆ ಅರಿಸಿನ ಬಳಿಯುತ್ತಿದ್ದರು. ನಾನೇ ಹೋಗಿ ಅದರ ಮುಂದೆ ಕೂತುಬಿಟ್ಟೆ. ಜನರೆಲ್ಲ ಇದ್ದರು, ನಾಚಿಕೆ ಬಿಟ್ಟು ಅತ್ತೆ. "ಈ ಕೂಸೊಂದು ನಂಗುಳೀಲಿ ಕಣ್ರಪ್ಪ, ಆಮ್ಯಾಕೆ ಊರಿಗೆಲ್ಲ ಬಾಗ್ಲು ನಿಲ್ಸಿ" ಎಂದೆ. ಅವರೆಲ್ಲ ತಲೆ ತಗ್ಗಿಸಿಕೊಂಡು ಹೋದರು. ಹೆಂಡತಿ ಬೀದಿಯಲ್ಲಿ ಕೂತಳು ಎಂಬ ಮಾತು ನನಗೆ ಬರಬಾರದೆಂದು ನಿಮ್ಮ ಅಣ್ಣ ಎಲ್ಲವನ್ನೂ ತಮ್ಮ ಮೇಲೆ ಹಾಕಿಕೊಂಡಿದ್ದಾರೆ.

ನೀನು ಓದಿದವಳು, ನಿನ್ನ ಓದನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ಮೊದಲನೆಯದು ಹೊಟ್ಟೆಯಲ್ಲಿದ್ದಾಗ ಅವರು ಅಂಗಡಿಗೆ ಬಾಗಿಲು ನಿಲ್ಲಿಸಿದರು. ಎರಡನೆಯದಕ್ಕೆ ಕೊಟ್ಟಿಗೆ ಕಟ್ಟಿಸಿದರು. ಬೇಡ ಎನ್ನುವ ಧೈರ್ಯ ಆಗ ನನಗಿರಲಿಲ್ಲ. ಈಗ ಮೂರನೆಯ ಸಲವೂ ಸುಮ್ಮನಿರು ಎಂದು ಯಾವ ಬಾಯಲ್ಲಿ ಹೇಳುತ್ತೀ?

ನೀನು ರಜ ಹಾಕಿ ಬಾ. ನೀನು ಪಕ್ಕದಲ್ಲಿದ್ದರೆ ನನಗೆ ಬೇರೆ ಆಸ್ಪತ್ರೆ ಬೇಕಿಲ್ಲ. ಕೂಸು ಚೆನ್ನಾಗಿ ಒದೆಯುತ್ತಿದೆ.

ನಿನ್ನ ಅತ್ತಿಗೆ,
ಕಮಲಾಕ್ಷಿ


ಹಾಸನ
22ನೇ ಮಾರ್ಚಿ 1942

ಪ್ರೀತಿಯ ಅತ್ತಿಗೆಗೆ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದು ಏನು ಬರೆಯಬೇಕೆಂದು ತಿಳಿಯದೆ. ಬಾಗಿಲಿಗೂ ಕೂಸಿಗೂ ಸಂಬಂಧವಿಲ್ಲ ಎಂದು ಹೇಳಬಲ್ಲೆ, ಸತ್ತ ಕೂಸುಗಳನ್ನು ನಿನಗೆ ಮರೆಸಲಾರೆ.

ರಜ ಕೇಳಿದೆ, ಕೊಡಲಿಲ್ಲ. ಯುದ್ಧ ಬಂದು ಇಲ್ಲಿ ಎಲ್ಲವೂ ಬರಿದಾಗಿದೆ. ನಮ್ಮ ಇಬ್ಬರು ನರ್ಸುಗಳು ಮಿಲಿಟರಿಗೆ ಹೋದರು. ಹೊಳೆನರಸೀಪುರದ ಡಾಕ್ಟರೂ ಹೋಗುತ್ತಾರಂತೆ, ಅಲ್ಲಿ ಸಂಬಳವೂ ಹೆಚ್ಚು, ಬಟ್ಟೆಯ ಮೇಲೆ ನಕ್ಷತ್ರವೂ ಉಂಟು. ಜಾವಾ ದೇಶ ಜಪಾನಿನವರ ಕೈಗೆ ಹೋದದ್ದರಿಂದ ಕ್ವಿನೈನು ಸಿಗುತ್ತಿಲ್ಲ. ಚಳಿಜ್ವರದವರಿಗೆ ಕಷಾಯ ಕುಡಿಸಿ ಕಳಿಸುತ್ತಿದ್ದೇವೆ. ಆಪತ್ತಿಗೆಂದು ಆಸ್ಪತ್ರೆಗೆ ಕೊಟ್ಟ ಮೋಟಾರು ಪೆಟ್ರೋಲಿಲ್ಲದೆ ಬೇವಿನ ಮರದ ಕೆಳಗೆ ನಿಂತಿದೆ, ಅದರೊಳಗೆ ಕೋಳಿ ಮೊಟ್ಟೆಯಿಡುತ್ತದೆ.

ನಮ್ಮ ಆಸ್ಪತ್ರೆಯ ಸಾಹೇಬರ ಹತ್ತಿರ ಇನ್ನೊಂದು ಕೇಳಿ ನೋಡಿದೆ. ಬಾಗಿಲಿಲ್ಲದಿದ್ದರೂ ಆಗಲಿ, ನನ್ನನ್ನು ಅಲ್ಲಿಗೆ ಹಾಕಿ, ಗೋಡೆಗಳ ನಡುವೆ ಚಾಪೆ ಹಾಸಿಕೊಂಡು ಕೆಲಸ ಮಾಡುತ್ತೇನೆ ಎಂದೆ. ಅವರು ನಕ್ಕರು. ಬಾಗಿಲಿಲ್ಲದ ಕಟ್ಟಡವನ್ನು ಸರ್ಕಾರ ಹೇಗಮ್ಮ ತೆಗೆದುಕೊಳ್ಳುತ್ತದೆ, ಬೀಗ ಎಲ್ಲಿಗೆ ಹಾಕುತ್ತೀ ಎಂದರು.

ಆದ್ದರಿಂದ ನೀನೇ ಇಲ್ಲಿಗೆ ಬಾ. ಈ ತಿಂಗಳೇ ಹೊರಡು. ನನ್ನದು ಒಂದೇ ಕೋಣೆ, ಮಂಚ ನಿನಗೆ, ನೆಲ ನನಗೆ. ಯಾವ ಬಾಗಿಲನ್ನೂ ಯಾರೂ ನಿಲ್ಲಿಸಬೇಕಾಗಿಲ್ಲ. ದಯವಿಟ್ಟು ಬಾ.

ನಿನ್ನ ದಾಕ್ಷಾಯಣಿ


ಹಳ್ಳಿಮೈಸೂರು
12ನೇ ಏಪ್ರಿಲ್ 1942

ಚಿ. ದಾಕ್ಷಾಯಣಿಗೆ ಆಶೀರ್ವಾದಗಳು.

ಕಮಲಾಕ್ಷಿ ನಿನ್ನ ಕಾಗದ ನನ್ನ ಕೈಗೆ ಕೊಟ್ಟಳು. ಬರುವುದಕ್ಕೆ ಒಪ್ಪಿದ್ದಾಳೆ. ಇದು ಎಂಟನೇ ತಿಂಗಳು, ಈಗ ಗಾಡಿ ಹತ್ತಿಸಬೇಡಿ ಎಂದು ಹಿರಿಯರೆಲ್ಲ ಹೇಳುತ್ತಾರೆ. ಕುಲುಕಾಟಕ್ಕೆ ನೀನೂ ಒಪ್ಪಲಾರೆ. ಒಂಬತ್ತಕ್ಕೆ ಬಿದ್ದಮೇಲೆ, ಹುಣ್ಣಿಮೆ ಕಳೆದ ಸೋಮವಾರ ಹೊಳೆನರಸೀಪುರದವರೆಗೆ ಗಾಡಿಯಲ್ಲಿ ಕರೆತಂದು ರೈಲು ಹತ್ತಿಸುತ್ತೇನೆ. ಬಸ್ಸನ್ನು ನಂಬುವ ಹಾಗಿಲ್ಲ, ಪೆಟ್ರೋಲಿಲ್ಲದೆ ಇದ್ದಿಲಿನ ಗ್ಯಾಸಿನಲ್ಲಿ ಓಡಿಸುತ್ತಾರೆ, ಏರು ಬಂದರೆ ಜನ ಇಳಿದು ತಳ್ಳಬೇಕು.

ಡಾಕ್ಟರು ಯುದ್ಧಕ್ಕೆ ಹೋದರು. ಅವರ ಜಾಗಕ್ಕೆ ಯಾರೂ ಬಂದಿಲ್ಲ. ಅರಕಲಗೂಡಿನ ಡಾಕ್ಟರಿಗೇ ಎರಡು ತಾಲ್ಲೂಕನ್ನೂ ಕೊಟ್ಟಿದ್ದಾರೆ. ಒಂದು ದಿನ ಅಲ್ಲಿ, ಒಂದು ದಿನ ಇಲ್ಲಿ. ಒಳ್ಳೆಯ ಮನುಷ್ಯ, ಕಣ್ಣಲ್ಲಿ ನಿದ್ದೆಯಿಲ್ಲ. ನಾನು ಹೋಗಿ ಮಾತಾಡಿ ಬಂದೆ. "ನಾನಿರೋ ದಿನ ಆದರೆ ನಿಮ್ಮ ಪುಣ್ಯ" ಎಂದರು.

ಆ ಸೋಮವಾರ ಹಾಸನದ ಸ್ಟೇಷನ್ನಿಗೆ ಬಾ.

ಚನ್ನಬಸವಯ್ಯ


ಹಳ್ಳಿಮೈಸೂರು
20ನೇ ಮೇ 1942

ದಾಕ್ಷಾಯಣಿ,

ನೀನು ಬಂದು ಮಣ್ಣು ಹಾಕಿ, ಅದೇ ಸಂಜೆ ಹೊರಟುಹೋದೆ. ನಡೆದದ್ದನ್ನು ಈಗ ಬರೆಯುತ್ತೇನೆ. ಬಾಯಲ್ಲಿ ಹೇಳುವುದಕ್ಕೆ ನನ್ನಿಂದ ಆಗುವುದಿಲ್ಲ.

ಸೋಮವಾರ ಹೊರಡಬೇಕು, ಶನಿವಾರ ಬೆಳಗ್ಗೆ ನೋವು ಬಂತು. ಬೆಟ್ಟಮ್ಮ ಬಂದಳು. ಮಧ್ಯಾಹ್ನಕ್ಕೆ ಹೆರಿಗೆಯಾಯಿತು, ಗಂಡು. ಒಂದು ಸಲ ಅತ್ತ. ಆ ಅಳು ಕೇಳಿ ಕಮಲಾಕ್ಷಿ ನಕ್ಕಳಂತೆ. ಆಮೇಲೆ ರಕ್ತ ನಿಲ್ಲಲಿಲ್ಲ. ಬೆಟ್ಟಮ್ಮ ಹೊರಗೆ ಬಂದು, "ನನ್ ಕೈಲಿ ಆಗಾಕಿಲ್ಲ ಸಾ, ಗಾಡಿ ಕಟ್ಸಿ" ಎಂದಳು. ಕಟ್ಟಿಸಿದೆ. ಹೊಳೆನರಸೀಪುರ ಮುಟ್ಟಿದಾಗ ಅವಳಿಗೆ ಜ್ಞಾನವಿತ್ತು, ನನ್ನ ಕೈ ಹಿಡಿದುಕೊಂಡಿದ್ದಳು. ಡಾಕ್ಟರು ಅಂದು ಅರಕಲಗೂಡಿನಲ್ಲಿದ್ದರು. ಕಾಂಪೌಂಡರು ಬೀರು ತೆಗೆದು ತೋರಿಸಿದ, ಬೇಕಾದ ಔಷಧಿ ಮುಗಿದು ತಿಂಗಳಾಗಿತ್ತು. ನಿನಗೆ ತಂತಿ ಕೊಟ್ಟೆ. ದೀಪ ಹಚ್ಚುವ ಹೊತ್ತಿಗೆ ಅವಳು ಹೋದಳು. ಬೆಳಗಾಗುವುದರೊಳಗೆ ಕೂಸೂ ಹೋಯಿತು.

ಯಾರನ್ನು ಬೈಯಲಿ? ಡಾಕ್ಟರು ಕಾಗದ ಬರೆದು ಕ್ಷಮೆ ಕೇಳಿದ್ದಾರೆ. ಅವರ ತಪ್ಪೇನಿದೆ?

ಬಾಗಿಲು ನಿಲ್ಲಿಸುವುದಕ್ಕೆ ಈಗ ಯಾವ ಅಡ್ಡಿಯೂ ಇಲ್ಲ. ಗುಂಡಯ್ಯನಿಗೆ ಹೇಳಿಕಳಿಸಿದ್ದೇನೆ. ಜೂನ್ ಕೊನೆಯೊಳಗೆ ಒಪ್ಪಿಸುತ್ತೇನೆ. ಬಾಗಿಲ ಮೇಲೆ ಅವಳ ಹೆಸರಿನ ಕಲ್ಲು ಕೂರಿಸುತ್ತೇನೆ. ನೀನು ಬರುತ್ತೀಯೋ ಇಲ್ಲವೋ ನಿನಗೆ ಬಿಟ್ಟದ್ದು.

ಚನ್ನಬಸವಯ್ಯ


ಹಾಸನ
19ನೇ ಜುಲೈ 1942

ಅಣ್ಣನವರಿಗೆ,

ವರ್ಗದ ಆರ್ಡರು ಬಂದಿದೆ, ಬರುತ್ತೇನೆ. ನಿಮ್ಮ ಮೇಲಿನ ಸಿಟ್ಟು ಇನ್ನೂ ಇದೆ. ಅವಳ ಮೇಲೂ ಇದೆ, ಅದನ್ನು ತೀರಿಸಿಕೊಳ್ಳಲು ಅವಳಿಲ್ಲ. ಊರಿನ ಬೇರೆ ಹೆಂಗಸರಾದರೂ ಬದುಕಲಿ ಎಂದು ಬರುತ್ತೇನೆ. ನೀವು ಅಂಗಡಿ ಮಾರಿ ಚನ್ನರಾಯಪಟ್ಟಣದ ಕಾಯಿ ಮಂಡಿಗೆ ಹೋಗುತ್ತೀರೆಂದು ಕೇಳಿದೆ. ನನ್ನನ್ನು ಕಂಡು ಹೋಗಿ.

ದಾಕ್ಷಾಯಣಿ


ಹಳ್ಳಿಮೈಸೂರು
24ನೇ ಜನವರಿ 1943

ಅಣ್ಣನವರಿಗೆ ಶರಣು.

ನೀವು ಊರು ಬಿಟ್ಟಮೇಲೆ ಮೂರು ಸಲ ಕೇಳಿದ್ದೀರಿ, ಹೆರಿಗೆಮನೆ ಹೇಗೆ ನಡೆಯುತ್ತಿದೆ ಎಂದು. ಚೆನ್ನಾಗಿದೆ ಎಂದು ಬರೆದೆ. ಸುಳ್ಳು ಬರೆದೆ.

ಇಲ್ಲಿ ಒಂದು ಹೆರಿಗೆಯೂ ಆಗಿಲ್ಲ. ಡೆಪ್ಯುಟಿ ಕಮಿಷನರು ಬಂದು ರಿಬ್ಬನ್ ಕತ್ತರಿಸಿದರು, ಭಾಷಣವಾಯಿತು, ಮಂಚಗಳು ಬಂದವು. ಮಂಚಗಳ ಮೇಲಿನ ಬಿಳಿ ಬಟ್ಟೆಯನ್ನು ನಾನೇ ಹಾಸಿ, ನಾನೇ ಒಗೆಯುತ್ತೇನೆ. ಗಾಯಕ್ಕೆ ಬರುತ್ತಾರೆ, ಕಣ್ಣುನೋವಿಗೆ ಬರುತ್ತಾರೆ, ಅದೂ ಜಗಲಿಯವರೆಗೆ. ಬಸುರಿಯರು ಈ ಬೀದಿಯಲ್ಲೇ ಬರುವುದಿಲ್ಲ. ಸುತ್ತಿಕೊಂಡು ಕೆರೆಯ ಏರಿಯ ಮೇಲೆ ಹೋಗುತ್ತಾರೆ.

ಹೋದ ಗುರುವಾರ ದೊಡ್ಡಯ್ಯನ ಸೊಸೆ ಪುಟ್ಟತಾಯಮ್ಮ ಹೆರಿಗೆಯಲ್ಲಿ ತೀರಿಹೋದಳು. ಎದುರು ಮನೆ ಅಣ್ಣ. ಅವಳ ಕೂಗು ನನಗೆ ಕೇಳಿಸುತ್ತಿತ್ತು. ಪೆಟ್ಟಿಗೆ ಹಿಡಿದು ಹೋದೆ. ನನ್ನನ್ನು ಅಂಗಳದಲ್ಲೇ ನಿಲ್ಲಿಸಿದರು. ಈಗ ನನ್ನ ಬೀರುವಿನಲ್ಲಿ ಔಷಧಿಯಿದೆ, ಆ ಗುರುವಾರವೂ ಇತ್ತು.

ಮಾರನೆಯ ದಿನ ಬೆಟ್ಟಮ್ಮನನ್ನು ಹಿಡಿದು ಕೇಳಿದೆ. ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚಿಲ್ಲ, ಪಾಪ. ಬಾಗಿಲ ಮೇಲಿನ ಕಲ್ಲನ್ನು ತೋರಿಸಿದಳು. "ಎರಿಗೇಲಿ ಓದೋಳ ಎಸ್ರು ತಲೆ ಮ್ಯಾಗದೆ. ಅದರಡೀಲಿ ಯಾವ ಬಸುರಿ ನುಗ್ತಾಳೆ ಏಳು? ಆಯವ್ವ ಒಳ್ಳೇವ್ಳೇ, ಆದ್ರೂ ಜೊತೆಗೆ ಕರ್ಕೊಂಡೋಯ್ತಾಳೆ ಅಂತ ಭಯ ಕಣವ್ವ" ಎಂದಳು.

ಆ ಕಲ್ಲು ಕೂರಿಸುವಾಗ ನಾವಿಬ್ಬರೂ ಇದನ್ನು ಯೋಚಿಸಲಿಲ್ಲ. ನೀವು ದುಃಖದಲ್ಲಿದ್ದಿರಿ, ನಾನು ಹಾಸನದಲ್ಲಿದ್ದೆ. ಹೇಗೆ ಕೇಳಲಿ ತಿಳಿಯದು, ಆದರೂ ಕೇಳುತ್ತೇನೆ. ಅವಳ ಹೆಸರು ತೆಗೆಸಲೇ?

ದಾಕ್ಷಾಯಣಿ


ಚನ್ನರಾಯಪಟ್ಟಣ
15ನೇ ಫೆಬ್ರವರಿ 1943

ಚಿ. ದಾಕ್ಷಾಯಣಿಗೆ,

ಕಲ್ಲು ಕೀಳಬೇಡ, ಗೋಡೆ ಸಡಿಲವಾಗುತ್ತದೆ. ಮೇಲೆ ದಪ್ಪವಾಗಿ ಗಾರೆ ಮೆತ್ತಿಸಿ ಸುಣ್ಣ ಬಳಿಸು. ಹೆಸರು ಬೇಕೆಂದು ಅವಳು ಯಾವತ್ತೂ ಕೇಳಿದವಳಲ್ಲ. ಬೇಕಾಗಿದ್ದದ್ದು ನನಗೆ.

ಬಳಿಸಿದ ಮೇಲೆ ತಿಳಿಸಬೇಡ.

ಚನ್ನಬಸವಯ್ಯ


ಹಳ್ಳಿಮೈಸೂರು
27ನೇ ಜೂನ್ 1943

ಅಣ್ಣನವರಿಗೆ ಶರಣು.

ತಿಳಿಸಬೇಡ ಎಂದಿದ್ದಿರಿ. ನಾಲ್ಕು ತಿಂಗಳು ತಿಳಿಸಲಿಲ್ಲ. ಈಗ ನನಗೆ ಬೇರೆ ಯಾರೂ ಇಲ್ಲ, ನಿಮಗೇ ಹೇಳುತ್ತೇನೆ.

ಗುಂಡಯ್ಯ ಗಾರೆ ಮೆತ್ತಿದ, ನಾನು ನಿಂತು ಸುಣ್ಣ ಬಳಿಸಿದೆ. ಅವಳನ್ನು ಎರಡನೆಯ ಸಲ ಹೂಳಿದ ಹಾಗಾಯಿತು. ಬೆಟ್ಟಮ್ಮನನ್ನು ಮನೆಮನೆಗೆ ಕಳಿಸಿದೆ. ಯಾರೂ ಬರಲಿಲ್ಲ. ಸುಣ್ಣದ ಕೆಳಗೆ ಏನಿದೆ ಎಂದು ಊರಿಗೆಲ್ಲ ಗೊತ್ತು.

ಹೆರಿಗೆಯಿಲ್ಲದ ಹೆರಿಗೆಮನೆಗೆ ಮಿಡ್‌ವೈಫು ಯಾಕೆ ಎಂದು ಮೇಲಿನಿಂದ ಬರೆದರು. ಹುದ್ದೆಯನ್ನು ಮಲ್ಲಿಪಟ್ಟಣಕ್ಕೆ ಹಾಕಿದ್ದಾರೆ, ಅಲ್ಲಿ ಕಟ್ಟಡವಿಲ್ಲವಂತೆ. ಇಲ್ಲಿ ಸರ್ಕಾರದ ರಾಗಿ ಡಿಪೋ ಮಾಡುತ್ತಾರೆ. ಮಂಚಗಳನ್ನು ಹಿತ್ತಲಿಗೆ ಹಾಕಿ ನಿನ್ನೆಯೇ ಮೂಟೆ ಇಳಿಸಿದರು.

ಇವತ್ತು ರಾಗಿ ಅಳೆದು ಕೊಡುವ ದಿನ. ಬೀಗದ ಕೈ ಒಪ್ಪಿಸಲು ಶೇಕದಾರರಿಗಾಗಿ ಒಳಗೆ ಕಾಯುತ್ತ ಕೂತಿದ್ದೆ. ಊರಿನ ಹೆಂಗಸರೆಲ್ಲ ಚೀಲ ಹಿಡಿದು ಬಂದರು. ಯಾರೂ ತಲೆಯೆತ್ತಿ ನೋಡಲಿಲ್ಲ, ನೂಕಾಡಿಕೊಂಡು ಹೊಸಿಲು ದಾಟಿ ಒಳಗೆ ಬಂದರು. ಮಾದಮ್ಮನ ಮಗಳೂ ಬಂದಳು, ತುಂಬು ಬಸುರಿ, ಇವತ್ತೋ ನಾಳೆಯೋ ಎನ್ನುವ ಹಾಗಿದ್ದಾಳೆ. ಕಾಲು ಬಾತಿದೆ, ಮುಖ ಬಾತಿದೆ, ಅದು ಒಳ್ಳೆಯ ಲಕ್ಷಣವಲ್ಲ. ಮಂಚವಿದ್ದ ಜಾಗದಲ್ಲೇ ನಿಂತು ರಾಗಿ ಅಳೆಸಿಕೊಂಡಳು. ಇನ್ನೆರಡು ದಿನ ನಾನಿಲ್ಲೇ ಇರುತ್ತೇನೆ ಎಂದು ಹೇಳಲು ಎದ್ದೆ. ನನ್ನನ್ನು ಕಂಡಕೂಡಲೇ ಅವಳು ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು, ಚೀಲವನ್ನು ಅಡ್ಡ ಹಿಡಿದು, ಬೇಗ ಬೇಗ ಆಚೆಗೆ ಹೋದಳು.

ನಿಮ್ಮ ತಂಗಿ,
ದಾಕ್ಷಾಯಣಿ